ಕಪ್ಪೆಯ ಆಟಕ್ಕೆ ಇರುವೆ ಕೊಟ್ಟ ತೀರ್ಪು

ಕೆರೆ ಏರಿಯ ಮೇಲೆ ಯಾರೋ ಮರೆತುಹೋಗಿದ್ದ ಮೊಬೈಲಿನಲ್ಲಿ ಇರುವೆ ಹಿಡಿಯುವ ಆಟವೊಂದು ತೆರೆದಿತ್ತು. ಕಪ್ಪೆ ಬೆಳಗಿನಿಂದ ಅದರ ಪರದೆಗೆ ನಾಲಿಗೆ ಬಡಿಯುತ್ತಾ ಕೂತಿತ್ತು. ಆಮೆಯೂ ಬಂದು ಒಂದು ಸಲ ಆಡಿ, ಮೊದಲ ಹಂತದಲ್ಲೇ ಸೋತು, "ಕೆಟ್ಟ ಆಟ. ಒಂದೇ ಸ್ಟಾರ್" ಎಂದು ತೀರ್ಪು ಕೊಟ್ಟಿತು.

"ನಿಮಗೆ ಆಡಲು ಬರದಿದ್ದರೆ ಅದು ಆಟದ ತಪ್ಪೇ, ಆಮೆಯವರೇ? ನಾನು ಒಂಬೈನೂರು ಇರುವೆ ನುಂಗಿದ್ದೇನೆ. ಐದು ಸ್ಟಾರ್" ಎಂದಿತು ಕಪ್ಪೆ. ಅದರ ಹೊಟ್ಟೆ ಮಾತ್ರ ಹಸಿವಿನಿಂದ ಚುರುಗುಟ್ಟುತ್ತಿತ್ತು.

ಅಷ್ಟರಲ್ಲಿ ನಿಜವಾದ ಇರುವೆಯೊಂದು ಪರದೆಯ ಮೇಲೆ ಹತ್ತಿತು. ಕಪ್ಪೆ ಅದನ್ನು ಕಾಲಿನಿಂದ ಆಚೆ ತಳ್ಳಿ, "ಅಡ್ಡ ಬರಬೇಡ. ನಾನು ಇರುವೆ ಹಿಡಿಯುತ್ತಿದ್ದೇನೆ" ಎಂದು ಗದರಿತು.

ಇರುವೆ ಮೈ ಕೊಡವಿಕೊಂಡು ಆಮೆಗೆ ಹೇಳಿತು: "ನಿಮ್ಮ ತೀರ್ಪು ತಪ್ಪು, ಸ್ವಾಮಿ. ಇಷ್ಟು ಒಳ್ಳೆಯ ಆಟವನ್ನು ನಾನು ಕಂಡೇ ಇಲ್ಲ. ಒಂದೊಂದು ಕಪ್ಪೆಗೂ ಒಂದೊಂದು ಮೊಬೈಲ್ ಸಿಗಲಿ."