ಡಾಕ್ಟರಮ್ಮನಿಗೆ ಪಟ್ಟು ಹಾಕಿದ ಪೈಲ್ವಾನ್

ಮೈಸೂರಿನ ಒಂದು ಗರಡಿಯಲ್ಲಿ ಪಾಪನಾಯಕ ಎಂಬ ಉಸ್ತಾದ್ ಇದ್ದ. ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ. ನಿನ್ನ ನೋವು ಎಲ್ಲಿದೆ ಎಂದು ಎದುರಾಳಿಗೆ ಗೊತ್ತಾಗಬಾರದು, ಗೊತ್ತಾದರೆ ಅಲ್ಲಿಗೇ ಕೈ ಹಾಕುತ್ತಾನೆ ಎಂಬುದು ಅವನ ಮೊದಲ ಪಾಠ. ಪಾಠವೇನೋ ಒಳ್ಳೆಯದೇ. ಆದರೆ ನಮ್ಮ ಉಸ್ತಾದ್ ಅದನ್ನು ಆಸ್ಪತ್ರೆಗೂ ಹೊತ್ತುಕೊಂಡು ಹೋದ!

ಕೆಲವು ವಾರಗಳಿಂದ ಅವನಿಗೆ ಸೊಂಟದಿಂದ ಎಡಗಾಲಿನ ತುದಿಯವರೆಗೆ ನೋವು ಸೆಳೆಯುತ್ತಿತ್ತು. ಪಾದ ಜೋಮು ಹಿಡಿದಿತ್ತು. ಬೆನ್ನಿಗೆ ಆಪರೇಷನ್ ಆದರೆ ಇನ್ನು ಗರಡಿಯ ಮಣ್ಣು ಮುಟ್ಟುವ ಹಾಗಿಲ್ಲ ಎಂದು ಒಳಗೊಳಗೇ ಪುಕಪುಕ ಅನ್ನುತ್ತಿತ್ತು. ಹೆಂಡತಿ ದೇವೀರಮ್ಮ ಗದರಿಸಿ, ಬೆನ್ನುಮೂಳೆಯ ಡಾಕ್ಟರ್ ಇಂದುಮತಿಯವರ ಬಳಿಗೆ ಎಳೆದುಕೊಂಡು ಬಂದಳು.

ಡಾಕ್ಟರಮ್ಮ ಅವನನ್ನು ಮಲಗಿಸಿ, ಎಡಗಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟರು. "ಹೆಬ್ಬೆರಳನ್ನ ಮೇಲಕ್ಕೆತ್ತಿ, ನನ್ನ ಕೈ ತಳ್ಳಿ ನೋಡೋಣ."

ಹೆಬ್ಬೆರಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪೈಲ್ವಾನ್ ಸೋಲುವುದುಂಟೇ? ತೊಡೆ ಬಿಗಿದು, ಸೊಂಟ ತಿರುಗಿಸಿ, ಇಡೀ ಕಾಲನ್ನೇ ಝಾಡಿಸಿದ. ಡಾಕ್ಟರಮ್ಮನ ಕೈ ಅತ್ತ ಹಾರಿತು. ನೋವಿಗೆ ಕಣ್ಣಲ್ಲಿ ನೀರು ತುಂಬಿದರೂ ಮೀಸೆ ತಿರುವಿದ.

"ಹೆಂಗೆ ಡಾಕ್ಟ್ರಮ್ಮ? ಕಾಲು ಕಲ್ಲುಗುಂಡು!"

"ಭಲೇ ಪೈಲ್ವಾನ್ರೇ! ಎಲ್ಲಿ, ಚಪ್ಪಲಿ ಮೆಟ್ಕೊಂಡು ಬಾಗಿಲ ತನಕ ನಡೆದು ಬನ್ನಿ."

ಎದೆಯುಬ್ಬಿಸಿ ಹೋದ, ಎದೆಯುಬ್ಬಿಸಿಯೇ ತಿರುಗಿ ಬಂದ. ದೇವೀರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎಡಗಾಲಿನ ಚಪ್ಪಲಿ ನಡುದಾರಿಯಲ್ಲೇ ಉಳಿದಿತ್ತು. ಅದು ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಬರಿಗಾಲು ಕಂಡಾಗ ಪಾಪನಾಯಕನ ಮುಖ ಇಷ್ಟೇ ಇಷ್ಟಾಯಿತು.

ಡಾಕ್ಟರಮ್ಮ ಪಕ್ಕದಲ್ಲಿ ಕುಳಿತರು. "ನಾನು ನಿಮ್ಮ ಎದುರಾಳಿ ಅಲ್ಲ ಪೈಲ್ವಾನ್ರೇ, ನಿಮ್ಮ ಕಡೆಯವಳು. ಬೆನ್ನಲ್ಲಿ ನರ ಅದುಮಿಕೊಂಡಿರೋ ಹಾಗಿದೆ. ಹೀಗೇ ಮುಚ್ಚಿಟ್ರೆ ಪಾದ ಮತ್ತೆ ಏಳದೇ ಹೋಗಬಹುದು. ಆಗ ಗರಡಿ ಎಲ್ಲಿ ಬಂತು?"

ಪಾಪನಾಯಕ ಕೈ ಮುಗಿದ. "ಎಲ್ಲಾ ಹೇಳ್ತೀನಿ ಕೇಳಿ ತಾಯಿ."

ಎಲ್ಲಿ ಸೆಳೆತ, ಎಲ್ಲಿ ಜೋಮು, ಒಂದೂ ಬಿಡದೆ ಹೇಳಿದ. ಅವನು ಹೇಳಿದ್ದಕ್ಕೂ ಸ್ಕ್ಯಾನಿಂಗ್ ತೋರಿಸಿದ್ದಕ್ಕೂ ತಾಳೆಯಾಯಿತು. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಜಾರಿ ನರವನ್ನು ಒತ್ತುತ್ತಿತ್ತು. ಡಾಕ್ಟರಮ್ಮ ಆಪರೇಷನ್ ಮಾಡಿ, ಜಾರಿದ ಚೂರನ್ನು ತೆಗೆದು, ನರವನ್ನು ಬಿಡಿಸಿದರು.

ಮರುದಿನ ಬೆಳಿಗ್ಗೆ ನರ್ಸ್ ಕೈ ಹಿಡಿದು ಮಂಚದಿಂದ ಇಳಿಸಿದಳು. ಎಡಪಾದ ನೆಲಕ್ಕೆ ತಾಗಿದ್ದೇ ತಡ, ಪಾಪನಾಯಕ ವಾರ್ಡೆಲ್ಲ ಅದುರುವಂತೆ ಕೂಗಿದ.

"ಲೇ ದೇವೀರಿ! ನೆಲ ತಣ್ಣಗೈತೆ ಕಣೇ!"

ಬೆರಳಿಗೆ ಪೂರ್ತಿ ಬಲ ಬರಲು ಇನ್ನೂ ತಿಂಗಳುಗಟ್ಟಲೆ ವ್ಯಾಯಾಮ ಬೇಕು ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಕೇಳುವವರು ಯಾರು? ಗಂಡ ಹೆಂಡತಿ ಇಬ್ಬರೂ ಆ ತಣ್ಣನೆಯ ನೆಲದ ಮೇಲೆ ನಿಂತು, ನಗುತ್ತಾ ಅಳುತ್ತಿದ್ದರು.

ನೀತಿ: ನೋವನ್ನು ಎದುರಾಳಿಯಿಂದ ಮುಚ್ಚಿಡುವುದು ಜಾಣತನ ಇರಬಹುದು. ವಾಸಿ ಮಾಡಲು ಬಂದವರಿಂದ ಮುಚ್ಚಿಟ್ಟರೆ ಸೋಲುವವರು ನಾವೇ.