ಬೆಳಗಿನ ದೋಷಸಂದೇಶ

ತಮ್ಮನನ್ನು ಕಳೆದುಕೊಂಡಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದನು: "ಗುರುಗಳೇ, ಅವನು ಹೋಗಿ ಮೂರು ವರ್ಷವಾಯಿತು. ಇಂದಿಗೂ ಬೆಳಗ್ಗೆ ಕಣ್ಣು ಬಿಟ್ಟೊಡನೆ ಅವನಿಲ್ಲ ಎಂಬ ಸಂಕಟ ಎದುರು ಬಂದು ನಿಲ್ಲುತ್ತದೆ. ಜಪಕ್ಕೆ ಕುಳಿತರೂ ಬಿಡದು. ಇದನ್ನು ಬೇರುಸಹಿತ ಕಿತ್ತುಹಾಕುವ ದಾರಿ ಇಲ್ಲವೇ?"

ಗುರು ಹೇಳತೊಡಗಿದರು.

ಒಂದೂರಿನಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಮುದ್ರಕನೊಬ್ಬನಿದ್ದನು. ಅವನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವನು. ಹೆಂಡತಿ ಪಕ್ಕದಲ್ಲಿ ಕುಳಿತು ಕರಡನ್ನು ಗಟ್ಟಿಯಾಗಿ ಓದುವಳು. ವರನ ಹೆಸರು ತಪ್ಪಿದರೆ ಬೀಗರು ಸುಮ್ಮನಿರುತ್ತಾರೆಯೇ? ಒಮ್ಮೆ ಅವನು ತಮಾಷೆಗೆಂದು ಅವಳ ಓದನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟುಕೊಂಡನು. ಯಾರದೋ ಮದುವೆ, ವಧುವಿನ ಅಜ್ಜನ ಮಾರುದ್ದದ ಹೆಸರಿಗೆ ನಾಲಿಗೆ ತೊಡರಿ ಅವಳು ನಕ್ಕದ್ದೂ ಅದರಲ್ಲಿ ಸೇರಿಕೊಂಡಿತು. ಮರುವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ಅವಳ ಧ್ವನಿ ಎಂದು ಅವನಿಗೆ ಉಳಿದದ್ದು ಅದೊಂದೇ.

ಆಮೇಲೆ ಕಂಪ್ಯೂಟರಿಗೂ ಕಾಯಿಲೆ ಹಿಡಿಯಿತು. ಪ್ರತಿದಿನ ಬೆಳಗ್ಗೆ ಶುರು ಮಾಡಿದೊಡನೆ 'ಸಿಸ್ಟಮ್ ಫೈಲ್ ಒಂದು ಕಾಣೆಯಾಗಿದೆ' ಎಂಬ ಸಂದೇಶ ಪರದೆಯ ಮೇಲೆ ಬರುತ್ತಿತ್ತು. ಆರಿಸಿ, ಮತ್ತೆ ಹಾಕಿ, ನಾಲ್ಕು ಸಲ ಗೋಗರೆದರೆ ತೆರೆದುಕೊಳ್ಳುವುದು. ತೆರೆದ ಮೇಲೆ ಅವನು ಮೊದಲು ಹೆಂಡತಿಯ ಓದನ್ನು ಕೇಳುವನು. 'ತಮ್ಮ ಸುಖಾಗಮನವನ್ನು ಬಯಸುವ' ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಅನಂತರ ಕೆಲಸ. ಆದರೆ ದಿನಾ ಅದೇ ಸಂದೇಶವನ್ನು ನೋಡಿ ನೋಡಿ ಅವನಿಗೆ ತಲೆಕೆಟ್ಟುಹೋಯಿತು. ಮದುವೆಯ ಕಾಲದಲ್ಲಿ ಗಿರಾಕಿಗಳು ಬಾಗಿಲಲ್ಲಿ ಕಾಯುವಾಗಂತೂ ಅದು ಇನ್ನಷ್ಟು ಸತಾಯಿಸುವುದು.

ರಿಪೇರಿಯವನು ಬಂದು ನೋಡಿದನು. "ಒಳಗಿರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಸ್ವಾಮಿ. ಬೇಕಾದ್ದನ್ನ ಪೆನ್‌ಡ್ರೈವಿಗೆ ತೆಗೆದಿಟ್ಕೊಂಡಿದ್ದೀರಾ?" ಎಂದನು.

"ಇಟ್ಕೊಂಡಿದ್ದೀನಿ. ಆ ದರಿದ್ರ ಸಂದೇಶ ಮಾತ್ರ ಇನ್ನು ನನ್ನ ಕಣ್ಣಿಗೆ ಬೀಳಬಾರದು" ಎಂದನು ಮುದ್ರಕ.

ಅವನು ತೆಗೆದಿಟ್ಟುಕೊಂಡದ್ದು ಪರದೆಯ ಮೇಲೆ ಹೆಂಡತಿಯ ಹೆಸರು ಹೊತ್ತಿದ್ದ ಪುಟ್ಟ ಚಿತ್ರವನ್ನು. ಅದನ್ನು ಒತ್ತಿದರೆ ಧ್ವನಿ ಕೇಳುತ್ತಿತ್ತಲ್ಲ, ಧ್ವನಿ ಅದರಲ್ಲೇ ಇದೆ ಎಂದುಕೊಂಡಿದ್ದನು, ಪಾಪ. ಅದು ಧ್ವನಿ ಇರುವ ಜಾಗವನ್ನು ತೋರಿಸುವ ಗುರುತು ಮಾತ್ರ. ಧ್ವನಿ ಇದ್ದದ್ದು ಯಂತ್ರದೊಳಗೆ.

ಮರುದಿನ ಯಂತ್ರ ಒಂದೇ ಏಟಿಗೆ ತೆರೆದುಕೊಂಡಿತು. ಸಂದೇಶ ಬರಲಿಲ್ಲ. ಅವನು ಪೆನ್‌ಡ್ರೈವ್ ಹಾಕಿ ಹೆಂಡತಿಯ ಹೆಸರನ್ನು ಒತ್ತಿದನು. ಹೆಸರಿತ್ತು, ಧ್ವನಿ ಇರಲಿಲ್ಲ. ಮತ್ತೆ ಮತ್ತೆ ಒತ್ತಿದನು. ರಿಪೇರಿಯವನೂ ಹುಡುಕಿ ಹುಡುಕಿ ಕೈಚೆಲ್ಲಿದನು. ಮುದ್ರಕ ಗಿರಾಕಿಗಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತನು. ಅಂದಿನಿಂದ ಅವನು ದಿನಕ್ಕೆ ಹತ್ತು ಸಲ ಯಂತ್ರವನ್ನು ಆರಿಸಿ ಮತ್ತೆ ಶುರು ಮಾಡುತ್ತಾನೆ, ಆ ಹಳೆಯ ಸಂದೇಶ ಇನ್ನೊಮ್ಮೆ ಬಂದೀತೇ ಎಂದು. ಅದು ಬರುವುದೇ ಇಲ್ಲ.

ಗುರು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಈಗ ಹೇಳು ಮಗು, ನಿನ್ನ ಸಂಕಟವನ್ನು ಕಿತ್ತುಹಾಕಲೇ?"