ತೆನೆಗೌರಿಯ ನೆನೆಬೀಜದ ಕಥೆ

ದೀಪದ ಬತ್ತಿ ಸರಿಮಾಡಿ, ಕೈಯಲ್ಲಿ ಹಿಡಿ ಗೋಧಿ ಹಿಡಿದು, ಮಾತು ನಿಲ್ಲಿಸಿ ಕೇಳಿರವ್ವಾ.

ಹಿಂದೆ ಬೆಣ್ಣೆಹಳ್ಳದ ದಂಡೆಯ ಎರೆಸೀಮೆಯಲ್ಲಿ ಹೊಂಬಳಗಟ್ಟಿ ಎಂಬ ಊರಿದ್ದು, ಆ ಊರಲ್ಲಿ ಅಡಿವೆಪ್ಪನೆಂಬ ರೈತನೂ ಅವನ ಹೆಂಡತಿ ಚಂಬವ್ವನೂ ಬಾಳಿಕೊಂಡಿದ್ದರು. ಚಂಬವ್ವನ ಅತ್ತೆಯು ವರ್ಷವರ್ಷವೂ ವೈಶಾಖದಲ್ಲಿ ತೆನೆಗೌರಿಯ ವ್ರತ ಹಿಡಿದು, ಬಿತ್ತುವ ಗೋಧಿಯನ್ನು ನಸುಕಿನಲ್ಲಿ ತಣ್ಣೀರಲ್ಲಿ ನೆನೆಯಿಟ್ಟು, ಹೊತ್ತೇರಿದ ಮೇಲೆ ಬಸಿದು, ಮಾಳಿಗೆಯ ಮೇಲೆ ತೆಳ್ಳಗೆ ಹರವಿ, ಸುಡುಬಿಸಿಲಲ್ಲಿ ಗಟ್ಟಿಯಾಗಿ ಒಣಗಿಸಿ, ಒಂದು ಮೊರ ನೆರೆಮನೆಗೆ ಕೊಟ್ಟು, ಉಳಿದದ್ದನ್ನು ಗಡಿಗೆಗೆ ತುಂಬಿ ಬಾಯಿ ಕಟ್ಟುತ್ತಿದ್ದಳು.

ಅತ್ತೆ ಶಿವನ ಪಾದ ಸೇರಿದಳು. ಸೊಸೆಯ ಸೊಂಟಕ್ಕೆ ಬೀಗದ ಕೈ ಬಂತು, ಅದರ ಹಿಂದೆಯೇ ಬಿಂಕವೂ ಬಂತು. ವೈಶಾಖ ಬಂದಾಗ ಚಂಬವ್ವ ಮೂಗು ಮುರಿದು, "ಒಣಗಿದ ಕಾಳು ಯಾರರ ನೀರಾಗ ಹಾಕ್ತಾರೇನ? ಮುದುಕ್ಯಾರಿಗೆ ಬ್ಯಾರೆ ಉದ್ಯೋಗ ಇರಲಿಲ್ಲ" ಎಂದು ವ್ರತ ಬಿಟ್ಟಳು. ಅಡಿವೆಪ್ಪ ಎತ್ತಿಗೆ ಮೇವು ಹಾಕಲು ಎದ್ದು ಹೋದ. ಅವನಿಗೆ ಬಾಯಿ ಇದ್ದಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಹಿಂಗಾರಿಯಲ್ಲಿ ಗೋಧಿ ಬಿತ್ತಿ, ಪೈರೆದ್ದು, ತೆನೆ ಹೊರಟಾಗ ಅಲ್ಲೊಂದು ಇಲ್ಲೊಂದು ತೆನೆಯಲ್ಲಿ ಕಾಳಿನ ಬದಲು ಕರಿಪುಡಿ ಕಂಡಿತು. ಇದನ್ನು ಕಾಡಿಗೆ ರೋಗವೆನ್ನುವರು. ಅಂಥ ತೆನೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪುಡಿ ಹಾರದಂತೆ ಕಿತ್ತು, ಹೊಲದಾಚೆ ಸುಡಬೇಕೆಂಬುದು ವ್ರತದ ನೇಮ. ಚಂಬವ್ವನಾದರೋ, "ನನ್ನ ಬೆಳಿಗೆ ದೃಷ್ಟಿ ತಾಗಬಾರದಂತ ಗೌರವ್ವನೇ ಕಾಡಿಗಿ ಹಚ್ಯಾಳ" ಎಂದು ಹಿಗ್ಗಿ, ತೆನೆ ಕೊಡವಿ, ಪುಡಿಯನ್ನು ಬೆಳ್ಳಿಯ ಭರಣಿಗೆ ತುಂಬಿ, ಹೊಲವೆಲ್ಲ ತಿರುಗಿ ಪೈರಿಗೆ ದೃಷ್ಟಿಬೊಟ್ಟು ಇಟ್ಟಳು. ಪುಡಿಯು ಗಾಳಿಗೆ ಹಾರಿ, ಹೂವಾಡುವ ತೆನೆಗಳನ್ನು ಹೊಕ್ಕು, ಬೆಳೆಯುವ ಕಾಳಿನೊಳಗೆ ಸದ್ದಿಲ್ಲದೆ ಮಲಗಿತು. ಬದುವಿನಾಚೆ ನೆರೆಮನೆಯ ವಿಧವೆ ನಿಂಬೆವ್ವನ ತುಂಡು ಹೊಲಕ್ಕೂ ಹಾರಿತು. ಸುಗ್ಗಿಯಲ್ಲಿ ಕಾಳು ನೋಡಲು ಚೆನ್ನಾಗಿಯೇ ಇತ್ತು.

ಮರುವೈಶಾಖದಲ್ಲಿ ನಿಂಬೆವ್ವ ನೇಮದಂತೆ ಬೀಜ ನೆನೆಸಿ ಒಣಗಿಸಿದಳು. ಕಾಳಿನೊಳಗೆ ಮಲಗಿದ್ದ ಕಾಡಿಗೆ ತಣ್ಣೀರಿಗೆ ಎಚ್ಚೆತ್ತು, ಸುಡುಬಿಸಿಲಿಗೆ ಸತ್ತಿತು. ಚಂಬವ್ವ ಮಾಳಿಗೆಯಿಂದ ನೋಡಿ ನಕ್ಕಳು. ಮುಂದೆ ತೆನೆ ಹೊರಟಾಗ ನಿಂಬೆವ್ವನ ಹೊಲ ಹೊನ್ನಿನ ಬಣ್ಣವಾಯಿತು, ಚಂಬವ್ವನ ಹೊಲ ಒಲೆಯ ಮೇಲಿನ ಗಡಿಗೆಯಂತೆ ಮಸಿಯಾಯಿತು. ನಂಬಿ ಬಿತ್ತಲು ಒಂದು ಹಿಡಿ ಕಾಳೂ ಉಳಿಯಲಿಲ್ಲ. ತಲೆತಲಾಂತರದಿಂದ ಬಂದ ಮನೆಯ ಬೀಜ ತನ್ನ ಕೈಯಲ್ಲೇ ತೀರಿತಲ್ಲಾ ಎಂದು ಚಂಬವ್ವ ಬದುವಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಸುಗ್ಗಿ ಮುಗಿದ ಮೇಲೆ ಅವಳು ತಲೆ ತಗ್ಗಿಸಿ ನಿಂಬೆವ್ವನ ಬಾಗಿಲಿಗೆ ಹೋದಳು. ನಿಂಬೆವ್ವ ಬೈಯದೆ, ಹಂಗಿಸದೆ, ಕೈಹಿಡಿದು ಒಳಗೆ ಕರೆದು, ನೀರು ಕೊಟ್ಟು, ವ್ರತದ ನೇಮವನ್ನೆಲ್ಲ ತಿಳಿಸಿ, ಮೊರದ ತುಂಬ ಗೋಧಿ ಸುರಿದಳು. ಚಂಬವ್ವ ಉಡಿ ಒಡ್ಡಲು ನಾಚಿದಳು.

"ಯಾವ ಮಾರಿಲೆ ತಗೊಳ್ಳಲಿ ಯಕ್ಕಾ, ನಿನ್ನ ಬೀಜ?"

"ನಂದೆಲ್ಲಿದವ್ವಾ? ವರ್ಷಾ ವರ್ಷಾ ನಿಮ್ಮತ್ತಿ ಮೊರದಾಗ ಕೊಡ್ತಿದ್ದ ಬೀಜ ಇದು. ನಿಮ್ಮ ಮನೀದು, ನಿಮ್ಮ ಮನಿಗೆ ಹೊಂಟೈತಿ. ಉಡಿ ಹಿಡಿ."

ಅತ್ತೆ ಆ ಒಂದು ಮೊರ ಯಾಕೆ ಕೊಡುತ್ತಿದ್ದಳೆಂದು ಚಂಬವ್ವನಿಗೆ ಅಂದು ತಿಳಿಯಿತು. ಆ ವೈಶಾಖದಲ್ಲಿ ಇಬ್ಬರೂ ಒಂದೇ ಮಾಳಿಗೆಯ ಮೇಲೆ ಬೀಜ ಹರವಿದರು. ಚಂಬವ್ವ ಭರಣಿಯ ಕರಿಪುಡಿಯನ್ನು ಒಲೆಗೆ ಹಾಕಿ, ಭರಣಿ ತೊಳೆದು ಗೌರಿಯ ಕುಂಕುಮಕ್ಕೆ ಇಟ್ಟಳು. ಮುಂದಿನ ಸುಗ್ಗಿಯಲ್ಲಿ ಕಣ ತುಂಬಿತು, ಗಡಿಗೆ ತುಂಬಿತು, ಗೋಧಿಹುಗ್ಗಿಯ ಮೊದಲ ಬಟ್ಟಲು ನಿಂಬೆವ್ವನ ಮನೆಗೆ ಹೋಯಿತು.

ತಾಯಿ ತೆನೆಗೌರೀ, ಹೋದ ಬೀಜವನ್ನು ನೆರೆಯವಳ ಕೈಯಿಂದ ತಿರುಗಿ ಕೊಟ್ಟೆ, ನಿನ್ನ ಋಣ ದೊಡ್ಡದು. ಈ ಕಥೆ ಹೇಳಿದವರ ಹೊಲವೂ, ಕೇಳಿದವರ ಹೊಲವೂ, ಕೇಳುತ್ತ ತೂಕಡಿಸಿದವರ ಹೊಲವೂ ಕಾಡಿಗೆ ಕಾಣದೆ ತೆನೆಗಟ್ಟಲಿ.

ಈಗ ಏಳಿರವ್ವಾ, ನಿಮ್ಮ ಕೈಯಲ್ಲಿನ ಗೋಧಿಯನ್ನು ಪಕ್ಕದವಳ ಉಡಿಗೆ ಹಾಕಿರಿ.